ಊರು ಬದಲಾದ ಬಾಲ್ಯ

ಮನೆಯವರು ಊರು ಬದಲಿಸಿದಾಗ ಮಕ್ಕಳೂ ಬದಲಾಗುತ್ತಾರೆ. ಆ ಬದಲಾವಣೆ ಒಳಿತಿಗೋ ಕೆಡುಕಿಗೋ ಎಂಬ ಬಗ್ಗೆ ಜನರಲ್ಲಿ ಎರಡು ಅಭಿಪ್ರಾಯಗಳಿವೆ. ನಾಲ್ಕೂರಿನ ನೀರು ಕುಡಿದ ಮಗು ಚುರುಕಾಗುತ್ತದೆ ಎನ್ನುವವರು ಕೆಲವರು. ಪದೇ ಪದೇ ಕಿತ್ತು ನೆಟ್ಟ ಗಿಡಕ್ಕೆ ಬೇರು ಹಿಡಿಯುವುದಿಲ್ಲ ಎನ್ನುವವರು ಕೆಲವರು. ಭತ್ತ ಬೆಳೆಯುವವರಿಗೆ ಎರಡೂ ಮಾತು ನಿಜವೆಂದು ಗೊತ್ತು. ಒಟ್ಲಿನಿಂದ ಕಿತ್ತು ನಾಟಿ ಮಾಡಿದ ಪೈರು ಚೆನ್ನಾಗಿ ತೆಂಡೆ ಹೊಡೆಯುತ್ತದೆ. ಆದರೆ ಕೀಳುವ ವಯಸ್ಸು ಮೀರಿದ್ದರೆ, ನೆಟ್ಟ ಗದ್ದೆಯಲ್ಲಿ ನೀರು ನಿಲ್ಲದಿದ್ದರೆ, ಅದೇ ಪೈರು ಸೊರಗುತ್ತದೆ. ಕಳೆದ ಏಳೆಂಟು ದಶಕಗಳಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಭಾಷಾವಿಜ್ಞಾನ, ಅರ್ಥಶಾಸ್ತ್ರಗಳು ಮಕ್ಕಳ ವಿಷಯದಲ್ಲಿ ಕಂಡುಕೊಂಡದ್ದೂ ಬಹುಮಟ್ಟಿಗೆ ಇದನ್ನೇ.

2011ರ ಜನಗಣತಿಯಲ್ಲಿ, ಹಿಂದೆ ಬೇರೆ ಊರಿನಲ್ಲಿ ವಾಸವಾಗಿದ್ದು ಈಗಿನ ಊರಿಗೆ ಬಂದವರ ಸಂಖ್ಯೆ 45 ಕೋಟಿ ದಾಟಿತ್ತು. ಹತ್ತು ವರ್ಷ ಹಿಂದೆ ಅದು 31 ಕೋಟಿಯಷ್ಟಿತ್ತು. ಇವರಲ್ಲಿ ದೊಡ್ಡ ಪಾಲು ಮದುವೆಯಾಗಿ ತವರು ಬಿಟ್ಟ ಹೆಣ್ಣುಮಕ್ಕಳದು. ಊರು ಬಿಟ್ಟ ಕಾರಣಗಳ ಪಟ್ಟಿಯಲ್ಲಿ ‘ಮನೆಯವರೊಂದಿಗೆ ಬಂದವರು’ ಎಂಬ ಇನ್ನೊಂದು ಸಾಲಿದೆ. ಮಕ್ಕಳು ಹೆಚ್ಚಾಗಿ ಸಿಗುವುದು ಆ ಸಾಲಿನಲ್ಲಿ. ಊರು ಬಿಡೋಣವೇ ಎಂದು ಅವರನ್ನು ಯಾರೂ ಕೇಳಿರುವುದಿಲ್ಲ. ದೊಡ್ಡವರ ವಲಸೆಗೂ ಮಕ್ಕಳ ವಲಸೆಗೂ ಇರುವ ಮೊದಲ ವ್ಯತ್ಯಾಸವೇ ಇದು.

ಊರು ಬಿಡುವ ಬಗೆಗಳೂ ಹಲವು. ಬ್ಯಾಂಕು, ರೈಲ್ವೆ, ಪೊಲೀಸ್, ಸೇನೆಯವರ ಮನೆಗಳಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ‘ವರ್ಗ’ ಬರುತ್ತದೆ. ಮಳೆ ಕೈಕೊಟ್ಟ ಸೀಮೆಗಳಲ್ಲಿ ಸಂಸಾರ ಸಮೇತ ಗುಳೆ ಹೋಗುತ್ತಾರೆ. ಅಣೆಕಟ್ಟಿನ ಹಿನ್ನೀರು ಬಂದಾಗ ಊರಿಗೆ ಊರೇ ಏಳುತ್ತದೆ. ಹೊರದೇಶಕ್ಕೆ ಹೋದವರ ಮಕ್ಕಳದು ಒಂದು ಕಥೆಯಾದರೆ, ಓದಿಗಾಗಿ ಒಂಟಿಯಾಗಿ ಮನೆ ಬಿಟ್ಟ ಮಕ್ಕಳದು ಇನ್ನೊಂದು. ಹಳೆಯ ಮೈಸೂರಿನ ಕಡೆ ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಹೈಸ್ಕೂಲು ಮುಗಿಸಿದರು. ಆ ಸೌಲಭ್ಯ ಎಲ್ಲ ಜಾತಿಯ ಮಕ್ಕಳಿಗೂ ಇರಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಂಥ ಉಚಿತ ವಿದ್ಯಾರ್ಥಿನಿಲಯಗಳು ಆ ಬಾಗಿಲನ್ನು ಸಾವಿರಾರು ಹಳ್ಳಿ ಮಕ್ಕಳಿಗೆ ತೆರೆದವು. ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಇಷ್ಟು ಬಗೆಯ ಬಾಲ್ಯಗಳಿಗೆ ಒಂದೇ ತೀರ್ಪು ಕೊಡಲಾಗದು.

ಹೊಸ ಊರಿನಲ್ಲಿ ಮಗುವಿಗೆ ಮೊದಲು ಎದುರಾಗುವುದು ಮಾತು. ಜೂನ್ ತಿಂಗಳ ಒಂದು ತರಗತಿಯನ್ನು ನೆನೆಯಬಹುದು. ಹಾಜರಿ ಪುಸ್ತಕದ ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿದ ಒಂದು ಹೆಸರು. ಧಾರವಾಡದ ಕಡೆಯಿಂದ ಮೈಸೂರಿಗೆ ಬಂದ ಹುಡುಗಿ, ಟೀಚರು ಏನು ಮಾಡ್ತಿದೀಯ ಎಂದು ಕೇಳಿದ್ದಕ್ಕೆ ‘ಬರಿಯಾಕತ್ತೀನ್ರಿ’ ಎನ್ನುತ್ತಾಳೆ. ತರಗತಿಯೆಲ್ಲ ನಗುತ್ತದೆ. ಮಾರನೆಯ ದಿನದಿಂದ ಅವಳ ಬಾಯಿ ಬಂದ್. ದಸರಾ ರಜೆಯ ಹೊತ್ತಿಗೆ ಶಾಲೆಯಲ್ಲಿ ‘ಬರೀತಿದೀನಿ ಮಿಸ್’ ಎನ್ನುವುದನ್ನೂ, ಮನೆಯ ಹೊಸಿಲು ದಾಟುತ್ತಲೇ ‘ಹಸಿವಾಗೇತಿ ಅವ್ವಾ’ ಎನ್ನುವುದನ್ನೂ ತಡವರಿಸದೆ ಮಾಡುತ್ತಾಳೆ. ಅವಳು ಕಲಿತದ್ದು ನಾಲ್ಕು ಹೊಸ ಪದಗಳನ್ನಷ್ಟೇ ಅಲ್ಲ. ತನ್ನ ಮನೆಯ ಮಾತು ಮಾತಿನ ಒಂದು ಬಗೆ, ಕೇಳುವವರು ಬೇರೆಯಾದರೆ ಆಡುವ ಬಗೆಯೂ ಬೇರೆಯಾಗಬೇಕಾಗುತ್ತದೆ ಎಂಬುದನ್ನು ಒಂಬತ್ತನೆಯ ವಯಸ್ಸಿಗೇ ತಿಳಿದುಕೊಂಡಳು. ಹುಟ್ಟಿದ ಊರಿನಲ್ಲೇ ಬೆಳೆದ ಅನೇಕರಿಗೆ ಇದು ಕಾಲೇಜಿಗೆ ಹೋದ ಮೇಲೆ ತಿಳಿಯುತ್ತದೆ. ಗೋಲಿ, ಲಗೋರಿಗಳಲ್ಲೂ ಹೀಗೆಯೇ. ಹಳೆಯ ಊರಿನಲ್ಲಿ ಔಟಾದದ್ದು ಹೊಸ ಊರಿನಲ್ಲಿ ಔಟಲ್ಲ ಎಂದಾಗ, ಆಟದ ನಿಯಮವೆಂಬುದು ಆಡುವವರು ಒಪ್ಪಿಕೊಂಡದ್ದು ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ.

ಆ ಮೂರು ತಿಂಗಳ ಬಾಯಿ ಬಂದ್‌ಗೂ ಅರ್ಥವಿದೆ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಏನೂ ಮಾತಾಡದೆ ಕೇಳುತ್ತಲೇ ಇರುತ್ತಾರೆ. ಭಾಷಾಬೋಧನೆಯಲ್ಲಿ ಇದಕ್ಕೆ ಮೌನದ ಅವಧಿ ಎನ್ನುತ್ತಾರೆ. ಇದನ್ನು ದಡ್ಡತನವೆಂದೋ ಮೊಂಡುತನವೆಂದೋ ತಿಳಿದು ಮಗುವನ್ನು ಹಿಂದಿನ ಬೆಂಚಿಗೆ ಕಳಿಸುವುದು ಶಾಲೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಎದುರಿನ ತಪ್ಪೂ ಉಂಟು. ಕೆನಡಾದ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳನ್ನು ಗಮನಿಸಿ, ಆಟದ ಬಯಲಿನ ಮಾತು ಒಂದೆರಡು ವರ್ಷದಲ್ಲಿ ಬಂದರೂ ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂದು ತೋರಿಸಿದರು. ಮಗು ಅರಳು ಹುರಿದಂತೆ ಮಾತಾಡುತ್ತಿದೆ, ಆದರೂ ಸಮಾಜ ವಿಜ್ಞಾನದ ಉತ್ತರ ಬರೆಯಲು ಒದ್ದಾಡುತ್ತಿದೆ ಎಂದರೆ ಅದು ಸೋಮಾರಿತನವಲ್ಲ.

ಭಾಷೆ ಕಲಿಯುವುದರಲ್ಲಿ ವಯಸ್ಸಿನ ಪಾತ್ರ ಚೆನ್ನಾಗಿ ತಿಳಿದ ಸಂಗತಿ. 1989ರಲ್ಲಿ ಜಾಕ್ವೆಲಿನ್ ಜಾನ್ಸನ್ ಮತ್ತು ಎಲಿಸಾ ನ್ಯೂಪೋರ್ಟ್ ಅಮೆರಿಕಕ್ಕೆ ಬಂದ ಚೀನೀ ಮತ್ತು ಕೊರಿಯನ್ ಮಾತೃಭಾಷೆಯ 46 ಜನರನ್ನು ಪರೀಕ್ಷಿಸಿದಾಗ, ಏಳು ವರ್ಷದೊಳಗೆ ಬಂದವರ ಇಂಗ್ಲಿಷ್ ವ್ಯಾಕರಣಜ್ಞಾನ ಅಲ್ಲಿಯೇ ಹುಟ್ಟಿದವರ ಮಟ್ಟದಲ್ಲಿತ್ತು. ಬಂದ ವಯಸ್ಸು ಹೆಚ್ಚಿದಂತೆ ಅದು ಇಳಿಯುತ್ತ ಹೋಯಿತು. ಆದರೆ 2018ರಲ್ಲಿ ಜೋಶುವಾ ಹಾರ್ಟ್ಸ್‌ಹಾರ್ನ್, ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು ಆರೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿ, ವ್ಯಾಕರಣ ಕಲಿಯುವ ಶಕ್ತಿ ಸುಮಾರು 17ನೆಯ ವಯಸ್ಸಿನವರೆಗೂ ಕುಂದದೆ ಉಳಿಯುತ್ತದೆ ಎಂದರು. ಹೈಸ್ಕೂಲಿನಲ್ಲಿ ಊರು ಬದಲಿಸಿದವರಿಗೂ ಹೊಸ ಭಾಷೆಯ ಬಾಗಿಲು ತೆರೆದೇ ಇರುತ್ತದೆ ಎಂದಾಯಿತು.

ಆದರೆ ಬಂದದ್ದು ಹೋಗಲೂ ಬಹುದು. ಕೊರಿಯಾದಲ್ಲಿ ಹುಟ್ಟಿ, ಮೂರರಿಂದ ಎಂಟು ವರ್ಷದ ನಡುವೆ ಫ್ರೆಂಚ್ ಮನೆಗಳಿಗೆ ದತ್ತು ಹೋದ ಎಂಟು ಮಂದಿಯನ್ನು ಅವರು ದೊಡ್ಡವರಾದ ಮೇಲೆ ಕ್ರಿಸ್ಟಾಫ್ ಪಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದು ಕಾಲಕ್ಕೆ ತಾವೇ ಆಡುತ್ತಿದ್ದ ಕೊರಿಯನ್ ಭಾಷೆಯನ್ನು ಅವರು ಬೇರೆ ಅಪರಿಚಿತ ಭಾಷೆಗಳಿಂದ ಪ್ರತ್ಯೇಕಿಸಿ ಗುರುತಿಸಲೂ ಆಗಲಿಲ್ಲ. ಎಂಟು ವರ್ಷದ ಮಗು ಎಷ್ಟು ಮಾತಾಡುತ್ತದೆ ಎಂದು ಬಲ್ಲವರಿಗೆ ಇದು ಎದೆ ಝಲ್ಲೆನ್ನಿಸುವ ಸಂಗತಿ. ಮನೆಯಲ್ಲಿ ಆಡುವವರು ಇಲ್ಲದಿದ್ದರೆ ಎಳೆಯ ಮಗುವಿನ ಭಾಷೆ ಉಳಿಯುವುದಿಲ್ಲ. ಪುಣೆಗೋ ದುಬೈಗೋ ಟೆಕ್ಸಾಸಿಗೋ ಹೋದ ಕನ್ನಡದ ಮನೆಗಳಲ್ಲಿ ಊಟದ ಹೊತ್ತಿನಲ್ಲಿ ಕನ್ನಡ ಆಡುತ್ತಾರೋ ಇಲ್ಲವೋ ಎಂಬುದರ ಮೇಲೆಯೇ ಮಗುವಿಗೆ ಎರಡು ಭಾಷೆ ದಕ್ಕುವುದೋ, ಒಂದು ಹೋಗಿ ಒಂದು ಬರುವುದೋ ತೀರ್ಮಾನವಾಗುತ್ತದೆ.

ದಕ್ಕಿದರೆ ಏನಾಗಬಹುದೆಂಬುದಕ್ಕೆ ಗಿರೀಶ ಕಾರ್ನಾಡರ ಬಾಲ್ಯ ಒಳ್ಳೆಯ ನಿದರ್ಶನ. ಅವರು 1938ರಲ್ಲಿ ಹುಟ್ಟಿದ್ದು ಮುಂಬಯಿ ಬಳಿಯ ಮಾಥೇರಾನದಲ್ಲಿ, ಮನೆಮಾತು ಕೊಂಕಣಿ, ಮೊದಲ ಓದು ಮರಾಠಿಯಲ್ಲಿ. ವೈದ್ಯರಾಗಿದ್ದ ತಂದೆಯ ನೌಕರಿಯಿಂದಾಗಿ ಸಿರಸಿಗೆ ಬಂದರು. ಕಂಪನಿ ನಾಟಕ, ಯಕ್ಷಗಾನಗಳನ್ನು ಕಂಡದ್ದು ಆ ಮಲೆನಾಡಿನ ಊರಿನಲ್ಲಿ. ಹದಿನಾಲ್ಕರ ಹೊತ್ತಿಗೆ ಧಾರವಾಡ. ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಹಂಬಲವಿದ್ದ ಯುವಕ ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ಬರೆದ ಮೊದಲ ನಾಟಕ ‘ಯಯಾತಿ’ ಕನ್ನಡದಲ್ಲಿ ಬಂತು. ಅನಂತನಾಗ್ ಅವರದು ಇಂಥದೇ ದಾರಿ. ಕರಾವಳಿಯ ಆಶ್ರಮ ಮತ್ತು ಮಠದ ವಾತಾವರಣದಲ್ಲಿ ಎಳವೆ ಕಳೆದು, ಒಂಬತ್ತನೆಯ ತರಗತಿಗೆ ಮುಂಬಯಿಗೆ ಹೋದ ಅವರು ಅಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ರಂಗಭೂಮಿಗಳಲ್ಲಿ ನಟಿಸಿದರು. ಹೀಗೆ ಊರು ಬದಲಿಸಿದವರೆಲ್ಲ ಕಾರ್ನಾಡರಾಗುವುದಿಲ್ಲ, ನಿಜ. ಆದರೆ ಒಂದು ಊರು ಕೊಟ್ಟದ್ದನ್ನು ಇನ್ನೊಂದು ಊರು ಅಳಿಸದೆ ಉಳಿದಾಗ ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ ಎಂಬುದಕ್ಕೆ ಈ ಇಬ್ಬರೂ ಸಾಕ್ಷಿ.

ಈ ‘ಮೂರನೆಯದ’ಕ್ಕೆ ಶಾಸ್ತ್ರೀಯ ಹೆಸರು ಬಂದದ್ದು ಭಾರತದ ನೆಲದಿಂದಲೇ. ಅಮೆರಿಕದ ಸಮಾಜಶಾಸ್ತ್ರಜ್ಞ ದಂಪತಿ ಜಾನ್ ಮತ್ತು ರೂತ್ ಹಿಲ್ ಯೂಸೀಮ್ 1950ರ ದಶಕದಲ್ಲಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದರು. ಮಿಷನರಿಗಳು, ರಾಯಭಾರಿಗಳು, ಕಂಪನಿ ಅಧಿಕಾರಿಗಳ ಮಕ್ಕಳು ಪೂರ್ತಿ ಅಮೆರಿಕನ್ನರಂತೆಯೂ ಇರಲಿಲ್ಲ, ಭಾರತೀಯರಂತೆಯೂ ಇರಲಿಲ್ಲ. ಎರಡರ ನಡುವೆ ತಮ್ಮದೇ ಒಂದು ಬದುಕಿನ ರೀತಿ ರೂಢಿಸಿಕೊಂಡ ಇವರನ್ನು ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ರೂತ್ ಕರೆದರು. ಇಂಥವರು ಹೊಸಬರೊಡನೆ ಬೇಗ ಬೆರೆಯುತ್ತಾರೆ, ಒಂದು ವಿಷಯವನ್ನು ಎರಡು ಕಡೆಯಿಂದ ನೋಡಬಲ್ಲರು, ಅಪರಿಚಿತ ಜಾಗದಲ್ಲಿ ಗಾಬರಿಯಾಗುವುದಿಲ್ಲ. ಆದರೆ ಆಳವಾದ ಗೆಳೆತನಕ್ಕೆ ಹಿಂಜರಿಯುವುದು, ಎಲ್ಲಿಯೂ ತನ್ನದೆನಿಸದಿರುವುದು ಕೂಡ ಇವರಲ್ಲಿ ಮತ್ತೆ ಮತ್ತೆ ಕಂಡಿತು. ಕನ್ನಡದಲ್ಲಿ ಇಬ್ಬರು ಭೇಟಿಯಾದರೆ ಎರಡನೆಯ ಮಾತೇ ‘ನಿಮ್ಮದು ಯಾವೂರು?’ ಎಂಬುದು. ವರ್ಗದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ತೀರಾ ಕಷ್ಟದ ಪ್ರಶ್ನೆ ಅದು. ಹುಟ್ಟಿದ ಊರನ್ನು ಹೇಳಬೇಕೋ, ಅಜ್ಜನ ಊರನ್ನೋ, ಕಡೆಯದಾಗಿ ಗೆಳೆಯರಿದ್ದ ಊರನ್ನೋ?

ನಷ್ಟದ ಲೆಕ್ಕ ಇನ್ನೂ ಗಂಭೀರವಾದದ್ದು. 1988ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್, ಊರು ಬದಲಿಸುತ್ತ ಶಾಲೆ ಬದಲಿಸಿದ ಮಕ್ಕಳು ಹೈಸ್ಕೂಲನ್ನು ಅರ್ಧಕ್ಕೇ ಬಿಡುವುದು ಹೆಚ್ಚು ಎಂದು ತೋರಿಸಿ ಕಾರಣವನ್ನೂ ಕೊಟ್ಟರು. ಒಂದೇ ಕಡೆ ಬಹುಕಾಲ ಇದ್ದ ಮನೆಯಲ್ಲಿ ಮಗನ ಗೆಳೆಯನ ಅಪ್ಪನೂ ಪರಿಚಿತ, ಕಿರಾಣಿ ಅಂಗಡಿಯವನೂ ಪರಿಚಿತ, ಮೇಷ್ಟರೂ ಪರಿಚಿತ. ಹುಡುಗ ಶಾಲೆ ತಪ್ಪಿಸಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಬರುತ್ತದೆ. ಊರು ಬಿಟ್ಟಾಗ ಈ ಕಣ್ಗಾವಲು, ಈ ಆಸರೆ ಎರಡೂ ಕಡಿದುಹೋಗುತ್ತವೆ. 2010ರಲ್ಲಿ ಶಿಗೆಹಿರೊ ಓಯಿಶಿ ಮತ್ತು ಉಲ್ರಿಚ್ ಶಿಮ್ಮಾಕ್ 7,108 ಅಮೆರಿಕನ್ ವಯಸ್ಕರ ಮಾಹಿತಿಯನ್ನು ಆಧರಿಸಿ, ಬಾಲ್ಯದಲ್ಲಿ ಹೆಚ್ಚು ಸಲ ಮನೆ ಬದಲಿಸಿದವರ ನೆಮ್ಮದಿ ದೊಡ್ಡವರಾದ ಮೇಲೂ ಕಡಿಮೆ ಎಂದರು. ಆದರೆ ಇದು ಅಂತರ್ಮುಖಿಗಳ ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿತ್ತು; ಎಲ್ಲರೊಡನೆ ಬೆರೆಯುವ ಸ್ವಭಾವದವರಲ್ಲಿ ಇಂಥ ಸಂಬಂಧ ಕಾಣಲಿಲ್ಲ. ಒಂದೇ ಮನೆಯ ಅಕ್ಕ ಹೊಸ ಊರಿನಲ್ಲಿ ಅರಳಿದಳು, ತಮ್ಮ ಮುದುಡಿದ ಎಂದರೆ ತಮ್ಮನನ್ನು ಬೈದು ಪ್ರಯೋಜನವಿಲ್ಲ.

ಎಲ್ಲಕ್ಕಿಂತ ದೊಡ್ಡ ಪುರಾವೆ ಬಂದದ್ದು ಡೆನ್ಮಾರ್ಕಿನಿಂದ. ಅಲ್ಲಿ ಪ್ರತಿಯೊಬ್ಬರ ವಿಳಾಸ, ಆರೋಗ್ಯದ ವಿವರಗಳು ಸರ್ಕಾರಿ ದಾಖಲೆಯಲ್ಲಿವೆ. ರೋಜರ್ ವೆಬ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1971ರಿಂದ 1997ರ ನಡುವೆ ಹುಟ್ಟಿದ 14 ಲಕ್ಷಕ್ಕೂ ಹೆಚ್ಚು ಜನರ ಬದುಕನ್ನು ಅನುಸರಿಸಲಾಯಿತು. ಹದಿಹರೆಯದ ಹೊಸಿಲಲ್ಲಿ, 12ರಿಂದ 14ನೆಯ ವಯಸ್ಸಿನಲ್ಲಿ, ಊರು ಬದಲಿಸಿದವರಲ್ಲಿ ಮುಂದೆ ಮಾನಸಿಕ ಕಾಯಿಲೆ, ಮಾದಕ ವ್ಯಸನ, ಆತ್ಮಹತ್ಯೆಯ ಪ್ರಯತ್ನಗಳ ಪ್ರಮಾಣ ಹೆಚ್ಚಿತ್ತು. ಉಳ್ಳವರ ಮನೆಗಳಲ್ಲೂ ಹೀಗೆಯೇ ಇತ್ತು. 2024ರಲ್ಲಿ ಕ್ಲೈವ್ ಸೇಬಲ್ ಮತ್ತು ಸಂಗಡಿಗರು ಸುಮಾರು 11 ಲಕ್ಷ ಜನರ ದಾಖಲೆ ನೋಡಿ, 10ರಿಂದ 15ರ ನಡುವೆ ಒಮ್ಮೆ ಮನೆ ಬದಲಿಸಿದವರು ಮುಂದೆ ಖಿನ್ನತೆಗೆ ಗುರಿಯಾಗುವ ಸಾಧ್ಯತೆ ಶೇ 41ರಷ್ಟು, ಎರಡು ಅಥವಾ ಹೆಚ್ಚು ಸಲ ಬದಲಿಸಿದವರಲ್ಲಿ ಶೇ 61ರಷ್ಟು ಹೆಚ್ಚು ಎಂದು ಕಂಡರು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಶೇ 61 ಹೆಚ್ಚು ಎಂದರೆ ನೂರರಲ್ಲಿ 61 ಮಕ್ಕಳಿಗೆ ಖಿನ್ನತೆ ಬರುತ್ತದೆ ಎಂದಲ್ಲ; ಮೊದಲೇ ಸಣ್ಣದಾಗಿದ್ದ ಅಪಾಯ ಅಷ್ಟು ಪಾಲು ಹಿಗ್ಗುತ್ತದೆ ಎಂದು. ಊರು ಬಿಡುವ ಮನೆಗಳಲ್ಲಿ ಕೆಲಸ ಕಳೆದುಕೊಂಡದ್ದು, ಗಂಡಹೆಂಡಿರು ಬೇರೆಯಾದದ್ದು, ಸಾವು ಮೊದಲಾದ ಬೇರೆ ನೋವುಗಳೂ ಇರಬಹುದು. ಆದರೂ ಹತ್ತರಿಂದ ಹದಿನೈದರ ವಯಸ್ಸೇ ಯಾಕೆ ಅಷ್ಟು ಮೆತ್ತನೆಯದು ಎಂಬುದು ತಾಯ್ತಂದೆಯರಿಗೆ ತಿಳಿಯದ್ದೇನಲ್ಲ. ಐದು ವರ್ಷದ ಮಗುವಿಗೆ ಅಪ್ಪ ಅಮ್ಮ ಇದ್ದಲ್ಲೇ ಊರು. ಹದಿಮೂರಕ್ಕೆ ಅದು ಹಾಗಲ್ಲ; ಆಗ ಗೆಳೆಯರ ಗುಂಪೇ ಊರು. ಅಷ್ಟು ಹೊತ್ತಿಗೆ ಹೊಸ ಶಾಲೆಯಲ್ಲಿ ಗುಂಪುಗಳು ಕಟ್ಟಿಕೊಂಡು ಬಾಗಿಲು ಮುಚ್ಚಿಕೊಂಡಿರುತ್ತವೆ. ಒಟ್ಲಿನಲ್ಲಿ ವಯಸ್ಸು ಮೀರಿದ ಪೈರಿನ ಕಥೆ ಇದು.

ಹೋಗುವ ಜಾಗ ಎಂಥದು ಎಂಬುದನ್ನೂ ಇದಕ್ಕೆ ಸೇರಿಸಬೇಕು. ಅಮೆರಿಕ ಸರ್ಕಾರ 1990ರ ದಶಕದಲ್ಲಿ ಬಾಲ್ಟಿಮೋರ್, ಬೋಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡವರ ಕೇರಿಗಳಲ್ಲಿದ್ದ ಸುಮಾರು 4,600 ಸಂಸಾರಗಳನ್ನು ಒಂದು ಪ್ರಯೋಗಕ್ಕೆ ಸೇರಿಸಿಕೊಂಡಿತು. ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಯಾರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ಹಾಗಾಗಿ ಹೋದವರಿಗೂ ಉಳಿದವರಿಗೂ ಮೊದಲು ಬೇರೆ ವ್ಯತ್ಯಾಸವಿರಲಿಲ್ಲ. ಎರಡು ದಶಕದ ನಂತರ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಲೆಕ್ಕ ಹಾಕಿದಾಗ, 13 ವರ್ಷದೊಳಗೆ ಅಲ್ಲಿಗೆ ಹೋದ ಮಕ್ಕಳ ಆದಾಯ ಇಪ್ಪತ್ತೈದರ ಆಸುಪಾಸಿನಲ್ಲಿ ಶೇ 31ರಷ್ಟು ಹೆಚ್ಚಿತ್ತು. 13 ದಾಟಿ ಹೋದವರಿಗೆ ಲಾಭವಾಗಲಿಲ್ಲ. ತುಸು ನಷ್ಟವೇ ಆದಂತಿತ್ತು. ಡೆನ್ಮಾರ್ಕಿನ ದಾಖಲೆಗಳೂ ಅಮೆರಿಕದ ಈ ಪ್ರಯೋಗವೂ ಬೇರೆ ಬೇರೆ ದಾರಿಯಿಂದ ಒಂದೇ ವಯಸ್ಸಿಗೆ ಬಂದು ನಿಂತಿವೆ. ಅಂದಹಾಗೆ ಚೆಟ್ಟಿಯವರೇ ದೆಹಲಿಯಲ್ಲಿ ಹುಟ್ಟಿ ಒಂಬತ್ತನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದವರು.

ವಯಸ್ಸು, ಜಾಗ ಎರಡಕ್ಕಿಂತ ಮುಖ್ಯವಾದದ್ದು ಮಗುವಿನ ಜೊತೆಗೆ ಯಾರು ಹೊರಟರು ಎಂಬುದು. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬಾಂಬ್ ದಾಳಿಯ ಭಯದಿಂದ ಬ್ರಿಟನ್ನಿನ ನಗರಗಳಿಂದ ಹಳ್ಳಿಗಳಿಗೆ ಸುಮಾರು 15 ಲಕ್ಷ ಜನರನ್ನು ಸಾಗಿಸಲಾಯಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾಯ್ತಂದೆಯರಿಲ್ಲದೆ ಹೊರಟ ಶಾಲಾಮಕ್ಕಳು. ಹೆಗಲಿಗೆ ವಿಷಾನಿಲದ ಮುಖವಾಡದ ಪೆಟ್ಟಿಗೆ, ಕೋಟಿಗೆ ಹೆಸರಿನ ಚೀಟಿ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುವಿಹಾರ ನಡೆಸಿದ ಅನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಅಂಥ ಮಕ್ಕಳನ್ನು ದಿನವೂ ಗಮನಿಸಿ ಬರೆದಿಟ್ಟರು. ತಾಯಿಯ ಮಗ್ಗುಲಲ್ಲಿದ್ದುಕೊಂಡು ಬಾಂಬಿನ ಸದ್ದು ಕೇಳಿದ ಮಕ್ಕಳಿಗಿಂತ, ತಾಯಿಯನ್ನು ಬಿಟ್ಟು ಸುರಕ್ಷಿತ ಹಳ್ಳಿಗೆ ಹೋದ ಎಳೆಯರೇ ಹೆಚ್ಚು ನಲುಗಿದ್ದರು.

ಮುಳುಗಡೆಯ ಊರುಗಳದು ಇದಕ್ಕೆ ತಿರುಗುಮುರುಗು. ಆಲಮಟ್ಟಿ ಹಿನ್ನೀರಿನಿಂದ ಬಾಗಲಕೋಟೆಯ ಹಳೆಯ ಭಾಗಗಳು ಖಾಲಿಯಾಗಿ ನವನಗರ ಎದ್ದಾಗ ಮಕ್ಕಳ ಜೊತೆ ಅಪ್ಪ ಅಮ್ಮ, ನೆಂಟರು, ನೆರೆಹೊರೆಯವರೂ ಬಂದರು. ಬರದೆ ಉಳಿದದ್ದು ಜಾಗ ಮಾತ್ರ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಆ ಆಸರೆಯೂ ಸಿಗದೆ ಅನೇಕ ಮನೆಗಳು ಚದುರಿದವು. ಆ ನೋವನ್ನು ನಾ. ಡಿಸೋಜ ಅವರ ‘ಮುಳುಗಡೆ’ ಕಾದಂಬರಿ ಕನ್ನಡದ ನೆನಪಿನಲ್ಲಿ ಉಳಿಸಿದೆ. ವರ್ಗದ ಮನೆಯ ಮಗು ದೊಡ್ಡದಾದ ಮೇಲೆ ಹಳೆಯ ಕ್ವಾರ್ಟರ್ಸ್ ಮುಂದೆ ಹೋಗಿ ನಿಲ್ಲಬಹುದು. ಇವರಿಗೆ ಅದೂ ಇಲ್ಲ.

ವರ್ಗದ ಮಕ್ಕಳಿಗಾಗಿ ಸರ್ಕಾರ ಕಟ್ಟಿದ ಆಸರೆ ಕೇಂದ್ರೀಯ ವಿದ್ಯಾಲಯ. 1963ರಲ್ಲಿ ಸೇನಾ ನೆಲೆಗಳ 20 ಶಾಲೆಗಳಿಂದ ಆರಂಭವಾದ ಈ ವ್ಯವಸ್ಥೆಯಲ್ಲಿ ಇಂದು 1,200ಕ್ಕೂ ಹೆಚ್ಚು ಶಾಲೆಗಳಿವೆ. ಕಠ್ಮಂಡು, ಮಾಸ್ಕೊ, ಟೆಹರಾನ್‌ಗಳಲ್ಲೂ ಇವೆ. ಎಲ್ಲೆಡೆ ಒಂದೇ ಪಠ್ಯ. ಹಿಂದಿನ ಏಳು ವರ್ಷಗಳಲ್ಲಿ ತಂದೆ ಅಥವಾ ತಾಯಿಗೆ ಎಷ್ಟು ವರ್ಗವಾಗಿದೆ ಎಂಬುದನ್ನು ಪ್ರವೇಶಕ್ಕೆ ಲೆಕ್ಕ ಹಿಡಿಯುತ್ತಾರೆ. ಇಲ್ಲಿ ಹೊಸದಾಗಿ ಬಂದ ಮಗು ಒಬ್ಬಂಟಿಯಲ್ಲ. ಪಕ್ಕದ ಬೆಂಚಿನವನೂ ಹೋದ ವರ್ಷ ಬಂದವನೇ. ಅಮೆರಿಕದಲ್ಲಿಯೂ ಸೈನಿಕರ ಮಕ್ಕಳ ಶಾಲಾ ವರ್ಗಾವಣೆ ಸುಲಭವಾಗಲೆಂದು 2008ರಲ್ಲಿ ಆರಂಭವಾದ ಒಪ್ಪಂದಕ್ಕೆ ಈಗ 50 ರಾಜ್ಯಗಳೂ ಸೇರಿವೆ.

ಗುಳೆಯ ಮಕ್ಕಳಿಗೆ ಇಷ್ಟು ಗಟ್ಟಿಯಾದ ಆಸರೆ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ, ಕೊಪ್ಪಳದ ಕಡೆಯಿಂದ ಸುಗ್ಗಿ ಮುಗಿಸಿ ಕಬ್ಬಿನ ಗದ್ದೆಗೋ ಇಟ್ಟಿಗೆ ಭಟ್ಟಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗುವ ಸಂಸಾರಗಳು ಮುಂಗಾರಿನ ಬಿತ್ತನೆಗೆ ಮರಳುತ್ತವೆ. ಮಕ್ಕಳು ಶಾಲೆಯ ವರ್ಷವನ್ನು ನಡುವೆ ಕತ್ತರಿಸಿಕೊಂಡು ಹೊರಡುತ್ತಾರೆ, ವಾರ್ಷಿಕ ಪರೀಕ್ಷೆಗೆ ಊರಿನಲ್ಲಿರುವುದಿಲ್ಲ. ವರ್ಷಕ್ಕೆರಡು ಸಲ ಏಳುವ ಮಗು ಎರಡೂ ಕಡೆ ಹೊಸದಾಗಿಯೇ ಉಳಿಯುತ್ತದೆ. ಕೆಲಸದ ಜಾಗದಲ್ಲಿ ಮರಳಿನ ರಾಶಿಯ ಪಕ್ಕ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತ ಹತ್ತು ವರ್ಷದ ಹುಡುಗಿಗೆ ಕನ್ನಡದ ಜೊತೆ ತೆಲುಗು, ಹಿಂದಿ ಬರುತ್ತದೆ. ಮೇಸ್ತ್ರಿಯೊಡನೆ ಕೂಲಿಯ ಲೆಕ್ಕ ಮಾತಾಡಬಲ್ಲಳು. ಅಧಿಕಾರಿಯ ಮಗಳು ಕಲಿತರೆ ‘ಎಕ್ಸ್‌ಪೋಶರ್’ ಎಂದು ಮೆಚ್ಚುವ ಇದೇ ಜಾಣ್ಮೆ ಇವಳ ಅಂಕಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಇದು ಅನ್ಯಾಯ. ಕರ್ನಾಟಕದಲ್ಲಿ ಇಂಥ ಮಕ್ಕಳಿಗಾಗಿ ಟೆಂಟ್ ಶಾಲೆಗಳೂ, ಗುಳೆಯ ತಿಂಗಳುಗಳಲ್ಲಿ ಊರಿನಲ್ಲೇ ಉಳಿದು ಓದಲು ಋತುಮಾನದ ವಸತಿ ಶಾಲೆಗಳೂ ನಡೆದಿವೆ. ಎರಡೂ ಬೇಕು. ಆದರೆ ಅಪ್ಪ ಅಮ್ಮನನ್ನು ಆರು ತಿಂಗಳು ಬಿಟ್ಟಿರಬೇಕಾದ ಎಳೆಯರಿಗೆ ವಸತಿ ಶಾಲೆಗಿಂತ ಅಜ್ಜಿಯ ಮನೆ ಮೇಲು.

ಮನೆಯವರಿಗೂ ಶಾಲೆಗೂ ಮಾಡಲು ಸಾಧ್ಯವಿರುವ ಕೆಲಸಗಳು ದೊಡ್ಡವೇನಲ್ಲ. ಊರು ಬಿಡುವ ವಿಷಯವನ್ನು ಲಾರಿ ಬಂದ ದಿನ ಹೇಳದೆ ಮೊದಲೇ ಹೇಳುವುದು. ಗೆಳೆಯರಿಗೆ, ಬೀದಿಗೆ, ನಾಯಿಗೆ ವಿದಾಯ ಹೇಳಲು ಬಿಡುವುದು. ಹಳೆಯ ಸಾಮಾನು ಎಂದು ಮಗುವಿನ ಪೆಟ್ಟಿಗೆಯನ್ನು ಎಸೆಯದಿರುವುದು. ಹತ್ತರಿಂದ ಹದಿನೈದರ ಮಕ್ಕಳಿದ್ದರೆ ವರ್ಗವನ್ನು ಒಂದೆರಡು ವರ್ಷ ಮುಂದೂಡಲು ಕೇಳಿ ನೋಡುವುದು. ಶಾಲೆಯ ಕಡೆಯಿಂದ, ಮೊದಲ ವಾರ ಜೊತೆಗೆ ಊಟಕ್ಕೆ ಕೂರುವ ಒಬ್ಬ ಸಹಪಾಠಿಯನ್ನು ಗೊತ್ತು ಮಾಡಿದರೂ ಸಾಕು.

ಕಾನೂನು ಮಗುವಿನ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಮಗು ಯಾವುದೇ ಕಾರಣಕ್ಕೆ, ರಾಜ್ಯದೊಳಗಿರಲಿ ಹೊರಗಿರಲಿ, ಊರು ಬದಲಿಸಿದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಹೊಂದಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ಕೊಡಲು ತಡ ಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ ಜರುಗಿಸಲು ಅವಕಾಶವಿದೆ. ಟಿ.ಸಿ. ಬಂದಿಲ್ಲ ಎಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ.